ಸಹಕಾರ ಸಂಘದ ಮೇಜಿನ ಮೇಲೆ ಹವಾಮಾನ ಅಪಾಯದ ಚೌಕಟ್ಟುಗಳು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರ ಸೇವಾ ಸಹಕಾರ ಸಂಘದಲ್ಲಿ ನಾನು ಎರಡನೇ ಅವಧಿಗೆ ನಿರ್ದೇಶಕನಾಗಿದ್ದೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ಎಂಬ ಒಂದೇ ಕಾರಣಕ್ಕೆ ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೆ ಬರುತ್ತದೆ. ಕಳೆದ ಮಳೆಗಾಲಕ್ಕೆ ಮುಂಚೆ ನಡೆದ ಸಭೆಯಲ್ಲಿ, ಸಂಘ ಕೊಟ್ಟಿರುವ ಸಾಲಕ್ಕೆ, ಗೋದಾಮಿನ ಗೊಬ್ಬರಕ್ಕೆ ಮತ್ತು ಸದಸ್ಯರ ತೋಟಗಳಿಗೆ ಹವಾಮಾನದ ಏರುಪೇರಿನಿಂದ ಒದಗುವ ಅಪಾಯಗಳನ್ನು ನಿಭಾಯಿಸಲು ಒಂದು ಲಿಖಿತ ಕ್ರಮ ಇರಬೇಕೆಂದು ಠರಾವಾಯಿತು. ಅದನ್ನು ಬರೆಯುವ ಹೊಣೆಯೂ ಎಂದಿನಂತೆ ನನ್ನ ಹೆಗಲಿಗೇ ಬಿತ್ತು. ಬೆಂಗಳೂರಿನಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿರುವ ಅಕ್ಕನ ಮಗನನ್ನು ಕೇಳಿದೆ. ಅವನು ಒಂದಲ್ಲ, ಏಳೆಂಟು ದಸ್ತಾವೇಜುಗಳನ್ನು ಕಳುಹಿಸಿದ. ಒಂದೊಂದರಲ್ಲೂ ನೂರಾರು ಪುಟ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ, ಕರೆಂಟು ಇದ್ದ ಹೊತ್ತಿನಲ್ಲಿ, ಅವನ್ನೆಲ್ಲ ಓದಿದೆ. ಅವುಗಳಲ್ಲಿ ಯಾವುದು ನಮ್ಮಂಥ ಸಂಘಕ್ಕೆ ಒದಗುತ್ತದೆ, ಯಾವುದು ಒದಗುವುದಿಲ್ಲ ಎಂದು ನನಗೆ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಓದಲು ಕುಳಿತ ಮೊದಲ ವಾರದಲ್ಲೇ ಸಲಹಾ ಸಂಸ್ಥೆಯೊಂದರವರು ನಮ್ಮ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಸಂಘಕ್ಕೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ, ಅಂದರೆ ಐಎಸ್‌ಒದ, 31000 ಪ್ರಮಾಣಪತ್ರ ಕೊಡಿಸುವುದಾಗಿ ಹೇಳಿ, ಶುಲ್ಕವನ್ನೂ ತಿಳಿಸಿದ್ದರು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಲೆಕ್ಕಪರಿಶೋಧಕರಿಗೆ ತೋರಿಸಬಹುದಲ್ಲ ಎಂಬ ಆಸೆ ಕಾರ್ಯದರ್ಶಿಗಳಿಗೆ ಹುಟ್ಟಿದ್ದು ಸಹಜವೇ. ಆದರೆ ಐಎಸ್‌ಒ 31000 ಎಂಬುದು ಅಪಾಯ ನಿರ್ವಹಣೆಯ ಮಾರ್ಗಸೂಚಿ ಮಾತ್ರ. ಮೊದಲು 2009ರಲ್ಲಿ ಬಂದು 2018ರಲ್ಲಿ ಪರಿಷ್ಕರಣೆಗೊಂಡ ಅದನ್ನು ಪ್ರಮಾಣಪತ್ರ ನೀಡಿಕೆಗಾಗಿ ರಚಿಸಿಲ್ಲ ಎಂದು ಐಎಸ್‌ಒ ಸಂಸ್ಥೆಯೇ ಹೇಳುತ್ತದೆ. ಪರಿಸರ ನಿರ್ವಹಣೆಯ ಐಎಸ್‌ಒ 14001ಕ್ಕೆ ಪ್ರಮಾಣಪತ್ರ ಉಂಟು, ಇದಕ್ಕಿಲ್ಲ. ಇಷ್ಟು ತಿಳಿದದ್ದರಿಂದ ಸಂಘಕ್ಕೆ ಸ್ವಲ್ಪ ಹಣ ಉಳಿಯಿತು. ನನ್ನ ಓದಿಗೆ ಸಭೆಯಲ್ಲಿ ಸಿಕ್ಕ ಮೊದಲ ಮನ್ನಣೆಯೂ ಅದೇ.

ಹಾಗೆಂದು ಆ ಮಾರ್ಗಸೂಚಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗುರಿಗಳ ಮೇಲೆ ಅನಿಶ್ಚಿತತೆ ಬೀರುವ ಪರಿಣಾಮವೇ ಅಪಾಯ ಎಂಬುದು ಅದರ ವ್ಯಾಖ್ಯೆ. ಮೊದಲು ನಮ್ಮ ಗುರಿಯೇನೆಂದು ಹೇಳಿಕೊಳ್ಳಬೇಕು, ಆಮೇಲೆ ಅಪಾಯಗಳನ್ನು ಗುರುತಿಸಿ, ವಿಶ್ಲೇಷಿಸಿ, ತೂಗಿ ನೋಡಿ, ಉಪಾಯ ಮಾಡಿ, ಮಾಡಿದ ಉಪಾಯ ಫಲಿಸಿತೇ ಎಂದು ಮತ್ತೆ ನೋಡಬೇಕು ಎಂಬ ಅದರ ಕ್ರಮ ಮನೆ ನಡೆಸುವ ಯಾರಿಗೂ ಹೊಸದಲ್ಲ. ಹವಾಮಾನದ ವಿಷಯವಾಗಿ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಕಳ್ಳತನ, ಬೆಂಕಿ, ಲೆಕ್ಕದ ತಪ್ಪು, ಮಳೆ ಎಲ್ಲವೂ ಅದಕ್ಕೆ ಒಂದೇ.

ಹವಾಮಾನವನ್ನೇ ಎದುರಿಗಿಟ್ಟುಕೊಂಡು ಹೊರಟ ಚೌಕಟ್ಟುಗಳಲ್ಲಿ ಹೆಚ್ಚು ಹೆಸರುವಾಸಿಯಾದದ್ದು ಟಿಸಿಎಫ್‌ಡಿ, ಅಂದರೆ ಹವಾಮಾನ ಸಂಬಂಧಿ ಹಣಕಾಸು ಮಾಹಿತಿಯನ್ನು ಬಹಿರಂಗಪಡಿಸುವ ಬಗ್ಗೆ ರಚನೆಯಾದ ಕಾರ್ಯಪಡೆಯದು. ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ 2015ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯವರ ಮುಂದೆ ಮಾಡಿದ ಭಾಷಣದಲ್ಲಿ, ಹವಾಮಾನ ಬದಲಾವಣೆಯ ದೊಡ್ಡ ನಷ್ಟಗಳು ಇಂದು ನಿರ್ಧಾರ ಕೈಗೊಳ್ಳುವವರ ಅಧಿಕಾರದ ಅವಧಿ ಮುಗಿದ ಮೇಲೆ ಬರುತ್ತವೆ, ಆದ್ದರಿಂದ ಅವನ್ನು ತಡೆಯಬೇಕೆಂಬ ತುರ್ತು ಯಾರಿಗೂ ಇರುವುದಿಲ್ಲ ಎಂಬ ವಾದವನ್ನು ಮುಂದಿಟ್ಟರು. ಅದನ್ನು ಓದಿದಾಗ ನಮ್ಮ ಆಡಳಿತ ಮಂಡಳಿಯೇ ಕಣ್ಣ ಮುಂದೆ ಬಂತು. ನಮ್ಮ ಅವಧಿ ಐದು ವರ್ಷ. ಇಂದು ನೆಟ್ಟ ಅಡಿಕೆ ಸಸಿ ಫಸಲು ಕೊಡಲು ಐದಾರು ವರ್ಷ. ಸಸಿಗೆ ಸಾಲ ಮಂಜೂರು ಮಾಡಿದ ಮಂಡಳಿ ಅದರ ಮೊದಲ ಗೊನೆಯನ್ನು ಅಧಿಕಾರದಲ್ಲಿದ್ದು ನೋಡುವುದೇ ಅಪರೂಪ. ಕಾರ್ನಿ ಭಾಷಣ ಮಾಡಿದ ವರ್ಷದ ಡಿಸೆಂಬರ್‌ನಲ್ಲೇ, ಹಲವು ದೇಶಗಳ ಹಣಕಾಸು ನಿಯಂತ್ರಕರು ಸೇರಿದ ಹಣಕಾಸು ಸ್ಥಿರತಾ ಮಂಡಳಿಯು ಮೈಕೆಲ್ ಬ್ಲೂಮ್‌ಬರ್ಗ್ ಅವರ ಅಧ್ಯಕ್ಷತೆಯಲ್ಲಿ ಈ ಕಾರ್ಯಪಡೆಯನ್ನು ರಚಿಸಿತು. 2017ರ ಜೂನ್‌ನಲ್ಲಿ ಬಂದ ಅದರ ಶಿಫಾರಸುಗಳು ಆಡಳಿತ, ಕಾರ್ಯತಂತ್ರ, ಅಪಾಯ ನಿರ್ವಹಣೆ, ಅಳತೆ ಮತ್ತು ಗುರಿ ಎಂಬ ನಾಲ್ಕು ಕಂಬಗಳ ಮೇಲೆ ನಿಂತಿವೆ. ಅವುಗಳ ಅಡಿಯಲ್ಲಿ ಒಟ್ಟು 11 ಅಂಶಗಳನ್ನು ಸಂಸ್ಥೆಗಳು ಬಹಿರಂಗಪಡಿಸಬೇಕು. 2023ರ ಅಕ್ಟೋಬರ್‌ನಲ್ಲಿ ಕಾರ್ಯಪಡೆ ವಿಸರ್ಜನೆಯಾಯಿತು. ಅಷ್ಟರಲ್ಲಿ ಆ ನಾಲ್ಕು ಕಂಬಗಳನ್ನು ಅಂತರರಾಷ್ಟ್ರೀಯ ಸುಸ್ಥಿರತಾ ಮಾನದಂಡ ಮಂಡಳಿ, ಅಂದರೆ ಐಎಸ್‌ಎಸ್‌ಬಿ, ತನ್ನ ಎಸ್2 ಮಾನದಂಡದೊಳಗೆ ಸೇರಿಸಿಕೊಂಡಿತ್ತು. ಈಗ ಟಿಸಿಎಫ್‌ಡಿಯನ್ನು ಪ್ರತ್ಯೇಕವಾಗಿ ಓದುವ ಅಗತ್ಯವಿಲ್ಲ. ಎಸ್2 ಓದಿದರೆ ಅದನ್ನೂ ಓದಿದಂತೆಯೇ.

ಈ ಎರಡೂ ಮಾತನಾಡುವುದು ಹೂಡಿಕೆದಾರರ ಜೊತೆ. ಹವಾಮಾನ ಬದಲಾದರೆ ಕಂಪನಿಯ ನಗದು ಹರಿವಿಗೆ, ಆಸ್ತಿಯ ಬೆಲೆಗೆ, ಸಾಲ ಹುಟ್ಟುವ ಶಕ್ತಿಗೆ ಏನಾಗುತ್ತದೆ ಎಂಬುದೇ ಅವುಗಳ ಪ್ರಶ್ನೆ. ಮಳೆ, ಬರ, ಬಿಸಿಲಿನಿಂದ ನೇರವಾಗಿ ಬರುವ ಭೌತಿಕ ಅಪಾಯ ಒಂದು ಕಡೆ, ಕಾನೂನು, ತಂತ್ರಜ್ಞಾನ, ಮಾರುಕಟ್ಟೆ ಬದಲಾಗುವುದರಿಂದ ಬರುವ ಸ್ಥಿತ್ಯಂತರದ ಅಪಾಯ ಇನ್ನೊಂದು ಕಡೆ ಎಂದು ಅವು ವಿಂಗಡಿಸುತ್ತವೆ. ಈ ವಿಂಗಡಣೆ ಉಪಯುಕ್ತ. ಸ್ಥಿತ್ಯಂತರದ ಅಪಾಯಕ್ಕೆ ಉದಾಹರಣೆಯಾಗಿ, ಯುರೋಪಿನ ಅರಣ್ಯನಾಶ ತಡೆ ನಿಯಮದ ಪಟ್ಟಿಯಲ್ಲಿ ಕಾಫಿ ಇದೆ, ಅಡಿಕೆ ಇಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿ ಮಾರುವಂತಿಲ್ಲ ಎಂಬ ಷರತ್ತು ಚಿಕ್ಕಮಗಳೂರಿನ ಬೆಳೆಗಾರರಿಗೆ ತಲೆನೋವಾಗಬಹುದಾದರೂ ನಮ್ಮ ಸಂಘದ ಪುಸ್ತಕಕ್ಕೆ ಸದ್ಯಕ್ಕೆ ಬರುವುದಿಲ್ಲ. ನಮ್ಮದು ಹೆಚ್ಚುಕಡಿಮೆ ಪೂರ್ತಿಯಾಗಿ ಭೌತಿಕ ಅಪಾಯ.

ಭಾರತದ ಮಟ್ಟಿಗೆ ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ಒಂದು ಚರ್ಚಾ ಪತ್ರವನ್ನೂ 2024ರ ಫೆಬ್ರವರಿ 28ರಂದು ಹವಾಮಾನ ಸಂಬಂಧಿ ಹಣಕಾಸು ಅಪಾಯಗಳನ್ನು ಬಹಿರಂಗಪಡಿಸುವ ಕರಡು ಚೌಕಟ್ಟನ್ನೂ ಹೊರಡಿಸಿತು. ಅಲ್ಲಿಯೂ ಅದೇ ನಾಲ್ಕು ಕಂಬಗಳು. ಕರಡಿನ ವ್ಯಾಪ್ತಿಗೆ ಬರುವವರು ಯಾರೆಂದು ನೋಡಿದರೆ, ವಾಣಿಜ್ಯ ಬ್ಯಾಂಕುಗಳು, ಅಖಿಲ ಭಾರತ ಹಣಕಾಸು ಸಂಸ್ಥೆಗಳು, ದೊಡ್ಡ ಬ್ಯಾಂಕೇತರ ಕಂಪನಿಗಳು ಮತ್ತು 10,000 ಕೋಟಿ ರೂಪಾಯಿಗೂ ಮೀರಿ ಠೇವಣಿ ಇರುವ ನಾಲ್ಕನೇ ಶ್ರೇಣಿಯ ಪಟ್ಟಣ ಸಹಕಾರಿ ಬ್ಯಾಂಕುಗಳು. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳನ್ನೇ ಹೊರಗಿಟ್ಟಿದ್ದಾರೆ ಎಂದ ಮೇಲೆ, ನಮ್ಮಂಥ ಪ್ರಾಥಮಿಕ ಸಂಘಗಳ ಮಾತು ದೂರವೇ ಉಳಿಯಿತು. ಚಿಕ್ಕವರ ಮೇಲೆ ವರದಿಯ ಹೊರೆ ಹೇರದಿರುವುದು ಸರಿಯೇ. ಆದರೆ ಮಳೆ ಕೈಕೊಟ್ಟಾಗ ಮೊದಲು ಸಾಲ ನಿಲ್ಲುವುದು ಈ ಹೊರಗುಳಿದವರ ಪುಸ್ತಕದಲ್ಲಿಯೇ ಎಂಬುದನ್ನು ಗಮನಿಸದೆ ಇರಲಾರೆ.

ಈ ವಿಷಯದಲ್ಲಿ ನನ್ನ ಬ್ಯಾಂಕಿನ ಅನುಭವ ಮತ್ತು ಸಂಘದ ಅನುಭವ ಎರಡೂ ಬೇರೆಬೇರೆ ಹೇಳುತ್ತವೆ. ದೊಡ್ಡ ಬ್ಯಾಂಕಿನ ಸಾಲಗಾರರು ರಾಜಸ್ಥಾನದಲ್ಲೂ ಇರುತ್ತಾರೆ, ಅಸ್ಸಾಮಿನಲ್ಲೂ ಇರುತ್ತಾರೆ. ಒಂದು ಕಡೆ ನೆರೆ ಬಂದ ವರ್ಷ ಇನ್ನೊಂದು ಕಡೆಯ ಬೆಳೆ ಕೈಹಿಡಿಯುತ್ತದೆ. ನಮ್ಮ ಸಂಘದ ಸದಸ್ಯರೆಲ್ಲರ ತೋಟಗಳು ಒಂದೇ ಹಳ್ಳದ ಎರಡು ಮಗ್ಗುಲಲ್ಲಿವೆ. ಒಬ್ಬನ ತೋಟದ ಅಡಿಕೆಗೆ ಕೊಳೆರೋಗ ಬಂದ ವಾರವೇ ಉಳಿದವರದ್ದಕ್ಕೂ ಬರುತ್ತದೆ, ಬೆಲೆ ಇಳಿದರೆ ಎಲ್ಲರಿಗೂ ಒಟ್ಟಿಗೇ ಇಳಿಯುತ್ತದೆ, ಶೂನ್ಯ ಬಡ್ಡಿ ಸಾಲದ ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿಯನ್ನು ಎಲ್ಲರೂ ಒಮ್ಮೆಲೇ ಕಳೆದುಕೊಳ್ಳುತ್ತಾರೆ. ಸಂಭವನೀಯತೆಯನ್ನು ಒಂದು ಬದಿಗೆ, ಪರಿಣಾಮವನ್ನು ಇನ್ನೊಂದು ಬದಿಗೆ ಬರೆದು, ಕೆಂಪು ಹಳದಿ ಹಸಿರು ಬಣ್ಣ ತುಂಬುವ ಐದು ಸಾಲು ಐದು ಕಂಬಸಾಲಿನ ಕೋಷ್ಟಕ ಎಲ್ಲ ತರಬೇತಿಗಳಲ್ಲೂ ಸಿಗುತ್ತದೆ. ಅದರಲ್ಲಿ ಬೆಳೆ ನಷ್ಟ ಒಂದು ಮನೆಯಲ್ಲಿ, ಸಾಲ ವಸೂಲಿ ಇನ್ನೊಂದು ಮನೆಯಲ್ಲಿ, ಬೆಲೆ ಕುಸಿತ ಮತ್ತೊಂದು ಮನೆಯಲ್ಲಿ ಕುಳಿತಿರುತ್ತವೆ. ಮೂರೂ ಒಂದೇ ಆಗಸ್ಟ್ ತಿಂಗಳಲ್ಲಿ ಒಟ್ಟಿಗೆ ಬಾಗಿಲು ತಟ್ಟುತ್ತವೆ ಎಂಬುದನ್ನು ಆ ಕೋಷ್ಟಕ ತೋರಿಸುವುದಿಲ್ಲ. ಬ್ಯಾಂಕಿಂಗ್ ಮೇಲ್ವಿಚಾರಣೆಯ ಬಾಸೆಲ್ ಸಮಿತಿ 2022ರ ಜೂನ್‌ನಲ್ಲಿ ಪ್ರಕಟಿಸಿದ 18 ತತ್ವಗಳು, ಅಪಾಯ ಒಂದೇ ಕಡೆ ಗುಡ್ಡೆಯಾಗುವುದನ್ನು ಗಮನಿಸಬೇಕೆಂದು ಹೇಳುತ್ತವೆ. ಗುಡ್ಡೆಯೇ ನಮ್ಮ ಸ್ವರೂಪವಾಗಿರುವಾಗ ಏನು ಮಾಡಬೇಕೆಂಬುದನ್ನು ನಾವೇ ಯೋಚಿಸಬೇಕು.

ಷೇರುಪೇಟೆಯ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್, ಅಂದರೆ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿಯ ಬಗ್ಗೆ ಎರಡೇ ಮಾತು. ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ 2022-23ರಿಂದ ಕಡ್ಡಾಯವಾಗಿರುವ ಈ ವರದಿ, ಹವಾಮಾನ ಕಂಪನಿಗೆ ಏನು ಮಾಡುತ್ತದೆ ಎಂಬುದರ ಜೊತೆಗೆ ಕಂಪನಿ ನೀರು, ಗಾಳಿ, ಕೆಲಸಗಾರರು, ಸುತ್ತಲಿನ ಊರುಗಳಿಗೆ ಏನು ಮಾಡುತ್ತಿದೆ ಎಂದೂ ಕೇಳುತ್ತದೆ. ಆ ಎರಡನೇ ಪ್ರಶ್ನೆ ಎಸ್2ರಲ್ಲಿಲ್ಲ. ನನಗೆ ಅದು ಇರಬೇಕಾದ ಪ್ರಶ್ನೆಯೇ. ಹಸಿರುಮನೆ ಅನಿಲಗಳ ಲೆಕ್ಕವನ್ನಂತೂ ನಾನು ಸದ್ಯ ಬದಿಗಿಟ್ಟೆ. ಸದಸ್ಯರು ಅಡಿಕೆ ಬೇಯಿಸುವ ಒಲೆಯ ಹೊಗೆಯನ್ನು ಸಂಘದ ಸಾಲದ ಪಾಲಿಗೆ ಹಂಚಿ ಟನ್ನುಗಳಲ್ಲಿ ಬರೆಯಬಹುದು, ಬರೆದದ್ದರಿಂದ ಒಂದು ಗೊನೆಯೂ ಉಳಿಯುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನ್ನ ಕೈಗೆ ಬಂದದ್ದು ಐಎಸ್‌ಒ 14091. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬಗ್ಗೆ 2019ರಲ್ಲಿ ಐಎಸ್‌ಒ 14090 ಬಂತು. ದುರ್ಬಲತೆ, ಪರಿಣಾಮ ಮತ್ತು ಅಪಾಯಗಳನ್ನು ಅಂದಾಜು ಮಾಡುವ ವಿಧಾನವನ್ನು ಹೇಳುವ 14091 ಬಂದದ್ದು 2021ರಲ್ಲಿ. ಇದರ ತಿರುಳು ಪರಿಣಾಮದ ಸರಪಳಿ. ಮಳೆಯಿಂದ ಹೊರಟು ನಷ್ಟದವರೆಗಿನ ಪ್ರತಿಯೊಂದು ಕೊಂಡಿಯನ್ನೂ ಕಾಗದದ ಮೇಲೆ ಬಿಡಿಸಿ, ಪ್ರತಿ ಕೊಂಡಿಯಲ್ಲಿ ಯಾರು ಸಿಕ್ಕಿಕೊಳ್ಳುತ್ತಾರೆ, ಯಾರು ಬಿಡಿಸಿಕೊಳ್ಳುತ್ತಾರೆ, ಏಕೆ ಎಂದು ಕೇಳುತ್ತಾ ಹೋಗುವುದು. ಇದರ ಬೇರು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆಯ ಸಮಿತಿಯಾದ ಐಪಿಸಿಸಿಯ ಆಲೋಚನೆಯಲ್ಲಿದೆ: ಆಪತ್ತು, ಆಪತ್ತಿನ ಎದುರಿಗಿರುವ ಜನ ಮತ್ತು ಆಸ್ತಿ, ಅವರ ದುರ್ಬಲತೆ ಈ ಮೂರೂ ಕೂಡಿದಲ್ಲಿ ಅಪಾಯ ಹುಟ್ಟುತ್ತದೆ ಎಂದು 2014ರ ಐದನೇ ವರದಿ ಸ್ಪಷ್ಟವಾಗಿ ನಿರೂಪಿಸಿತು. ಮಳೆ ಎಲ್ಲರ ಮೇಲೂ ಬೀಳುತ್ತದೆ, ಅಪಾಯ ಎಲ್ಲರದೂ ಒಂದೇ ಅಲ್ಲ.

ಕೊಳೆರೋಗಕ್ಕೆ ಇದನ್ನು ಹಚ್ಚಿ ನೋಡಿದೆ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಈ ರೋಗಕ್ಕೆ ಬೇಕಾದದ್ದು ಬಿಡುವಿಲ್ಲದ ಮಳೆ ಮತ್ತು ತೇವ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದ ಶೇ. 1ರ ಬೋರ್ಡೋ ದ್ರಾವಣವನ್ನು ಮಳೆಗಾಲದ ಆರಂಭದಲ್ಲಿ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮೊದಲನೆಯದು ಹೇಗೋ ಆಗುತ್ತದೆ. ಎರಡನೆಯದಕ್ಕೆ ಪುನರ್ವಸು, ಪುಷ್ಯ ಮಳೆಗಳ ನಡುವೆ ಒಂದೆರಡು ದಿನ ಬಿಡುವು ಸಿಗಬೇಕು. ಆ ಬಿಡುವಿನಲ್ಲೇ ಊರಿನ ಎಲ್ಲ ತೋಟಗಳಿಗೂ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬೇಕು. ಇರುವ ಕೊನೆಗಾರರು ಮೂರೋ ನಾಲ್ಕೋ ಮಂದಿ. ಮಳೆ ಹೆಚ್ಚಾಗುವುದು ಸರಪಳಿಯ ಮೊದಲ ಕೊಂಡಿ ನಿಜ, ಆದರೆ ಅದು ಕಡಿಯುವುದು ಕೊನೆಗಾರ ಎಂಬ ಕೊಂಡಿಯಲ್ಲಿ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಕೊಂಡವರು ನೆಲದ ಮೇಲೆ ನಿಂತೇ ಔಷಧಿ ಹೊಡೆದು ಮುಗಿಸುತ್ತಾರೆ. ಎರಡು ಎಕರೆ ತೋಟ ಇಟ್ಟುಕೊಂಡು, ಮಕ್ಕಳು ಊರಲ್ಲಿಲ್ಲದೆ, ಸರದಿಗಾಗಿ ಕಾಯುವ ವಿಧವೆಯೊಬ್ಬರ ಅಡಿಕೆ ಅದೇ ಮಳೆಗೆ ಉದುರುತ್ತದೆ. ಟಿಸಿಎಫ್‌ಡಿಯ 11 ಅಂಶಗಳಿಗೆ ಚಾಚೂ ತಪ್ಪದೆ ಉತ್ತರ ಬರೆದರೂ ಈ ವ್ಯತ್ಯಾಸ ಹೊರಬರುವುದಿಲ್ಲ, ಏಕೆಂದರೆ ಅದು ಸಂಸ್ಥೆಯ ನಷ್ಟವನ್ನು ಒಟ್ಟು ಮೊತ್ತವಾಗಿ ಕೇಳುತ್ತದೆಯೇ ಹೊರತು ಯಾರ ಅಂಗಳದಲ್ಲಿ ಎಂದು ಕೇಳುವುದಿಲ್ಲ.

ಈ ಸರಪಳಿಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಸಂಘದ ಸಭಾಂಗಣದಲ್ಲಿ ಅಂಟಿಸಿ, ಸದಸ್ಯರಿಗೆ ವಿವರಿಸುತ್ತಿದ್ದೆ. ವಿಮೆ ಎಂಬ ಚೌಕಕ್ಕೆ ಬಂದಾಗ, ಹಿಂದಿನ ಬೆಂಚಿನಲ್ಲಿ ಕಂಬಳಿ ಕೊಪ್ಪೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: “ಇದೆಲ್ಲ ಸರಿ ರಾಯರೇ, ಮಳೆಮಾಪಕ ಎಲ್ಲಿದೆ ಅಂತ ಇದರಲ್ಲಿ ಬರೆದಿದ್ಯಾ?”

ಬರೆದಿರಲಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತರ ಕಂತು ತೋಟಗಾರಿಕೆ ಬೆಳೆಗಳಿಗೆ ವಿಮಾ ಮೊತ್ತದ ಗರಿಷ್ಠ ಶೇ. 5. ಪರಿಹಾರಕ್ಕೆ ತೋಟವನ್ನು ಯಾರೂ ಬಂದು ನೋಡುವುದಿಲ್ಲ. ನಿಗದಿಪಡಿಸಿದ ಮಾಪಕದಲ್ಲಿ ದಾಖಲಾದ ಮಳೆ ಮತ್ತಿತರ ಅಂಶಗಳು ನಿಗದಿತ ಮಟ್ಟ ದಾಟಿದವೇ ಎಂದಷ್ಟೇ ನೋಡುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಇದು ದೊಡ್ಡ ಸಾಧನೆಯೇ. ಆದರೆ ಮಲೆನಾಡಿನ ಮಳೆ ಪಂಚಾಯಿತಿಯ ಗಡಿ ನೋಡಿಕೊಂಡು ಬೀಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಅಲ್ಲಿಂದ ನೂರು ಕಿಲೋಮೀಟರ್ ಒಳಗಿರುವ ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ನಮ್ಮ ಪಂಚಾಯಿತಿ ಕಚೇರಿ ಇರುವುದು ಗುಡ್ಡದ ಪೂರ್ವಕ್ಕೆ, ರಸ್ತೆ ಬದಿಯ ಬಯಲಿನಲ್ಲಿ. ಆ ಹಿರಿಯರ ತೋಟ ಇರುವುದು ಗುಡ್ಡದ ಪಶ್ಚಿಮದ ಕಣಿವೆಯಲ್ಲಿ. ಒಂದು ವರ್ಷ ಅವರ ಅರ್ಧ ಫಸಲು ಕೊಳೆತು ಹೋಗಿ, ವಿಮಾ ಕಂಪನಿಯಿಂದ ಬಂದ ಹಣ ಕಟ್ಟಿದ ಕಂತಿಗೂ ಸಾಲದಾಗಿತ್ತು. ಮಾಪಕ ಸುಳ್ಳು ಹೇಳಿರಲಿಲ್ಲ, ಅದು ತನ್ನ ತಲೆಯ ಮೇಲೆ ಬಿದ್ದ ಮಳೆಯನ್ನು ಸರಿಯಾಗಿಯೇ ಅಳೆದಿತ್ತು. ವಿಮೆಯವರು ಇದನ್ನು ಬೇಸಿಸ್ ರಿಸ್ಕ್ ಎನ್ನುತ್ತಾರೆ: ಅಳತೆಗೂ ನಿಜವಾದ ನಷ್ಟಕ್ಕೂ ನಡುವೆ ಉಳಿಯುವ ಅಂತರ. ನನ್ನ ಹಾಳೆಯಲ್ಲಿ ವಿಮೆ ಎಂಬುದು ಅಪಾಯಕ್ಕೆ ಉಪಾಯವಾಗಿ ಹಸಿರು ಬಣ್ಣದಲ್ಲಿತ್ತು. ಆ ಹಿರಿಯರ ಪ್ರಶ್ನೆಯಾದ ಮೇಲೆ, ಗುಡ್ಡದ ಪಶ್ಚಿಮದ ಸದಸ್ಯರ ಮಟ್ಟಿಗೆ ಅದನ್ನೇ ಒಂದು ಅಪಾಯವೆಂದು ಬರೆದುಕೊಂಡೆ.

ಮುಂದಿನ ದಿನಗಳ ಚಿತ್ರಗಳನ್ನು ಕಲ್ಪಿಸಿಕೊಂಡು ಪರೀಕ್ಷಿಸುವ ವಿಷಯದಲ್ಲಿ ಮಾತ್ರ ಎಸ್2 ನನಗೆ ನೆರವಾಯಿತು. ಟಿಸಿಎಫ್‌ಡಿ, ತಾಪಮಾನ ಏರಿಕೆ 2 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಗೆ ನಿಲ್ಲುವ ಚಿತ್ರವೂ ಸೇರಿದಂತೆ ಬೇರೆಬೇರೆ ಚಿತ್ರಗಳಲ್ಲಿ ಸಂಸ್ಥೆ ತಾಳಿಕೊಳ್ಳುತ್ತದೆಯೇ ಎಂದು ಕೇಳಿತ್ತು. ಹಳ್ಳಿಯ ಸಂಘ ಅಂಥ ಮಾದರಿಗಳನ್ನು ಎಲ್ಲಿಂದ ತರಬೇಕು? ಎಸ್2 ಇದಕ್ಕೆ ಸಮಾಧಾನಕರ ದಾರಿ ಕೊಡುತ್ತದೆ. ಸಂಸ್ಥೆಯ ಸಾಮರ್ಥ್ಯಕ್ಕೆ ತಕ್ಕಂತೆ, ಮಿತಿಮೀರಿದ ಖರ್ಚು ಅಥವಾ ಶ್ರಮವಿಲ್ಲದೆ ಸಿಗುವ ಮಾಹಿತಿಯಿಂದ ಈ ಪರೀಕ್ಷೆ ಮಾಡಿಕೊಳ್ಳಬಹುದು ಎನ್ನುತ್ತದೆ. ನಾವು ಎರಡು ವರ್ಷಗಳನ್ನು ಆರಿಸಿಕೊಂಡೆವು. ಒಂದು, ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದ 2019. ಇನ್ನೊಂದು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿ, ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದ 2023. ಈ ಎರಡೂ ವರ್ಷ ಬೆನ್ನುಬೆನ್ನಿಗೆ ಬಂದರೆ, ಮೊದಲ ವರ್ಷ ಕೊಳೆಗೆ ಫಸಲು ಹೋಗಿ ಎರಡನೇ ವರ್ಷ ಬೇಸಿಗೆಯಲ್ಲಿ ಮರಗಳ ಸುಳಿ ಒಣಗಿದರೆ, ಸಂಘದ ಸಾಲದಲ್ಲಿ ಎಷ್ಟು ಪಾಲು ಗಡುವಿಗೆ ಬರಲಾರದು ಎಂದು ಖಾತೆ ಖಾತೆಯಾಗಿ ಕಾರ್ಯದರ್ಶಿಗಳೂ ನಾನೂ ಮೂರು ಸಂಜೆ ಕುಳಿತು ಲೆಕ್ಕ ಹಾಕಿದೆವು. ಬಂದ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಅದು ಮಹಾಸಭೆಗೆ ಸೇರಿದ್ದು. ಅದನ್ನು ನೋಡಿ ಅಧ್ಯಕ್ಷರು ಸ್ವಲ್ಪ ಹೊತ್ತು ಮಾತನಾಡಲಿಲ್ಲ ಎಂದಷ್ಟೇ ಹೇಳಬಲ್ಲೆ.

ವಿಪತ್ತಿನ ಅಪಾಯ ತಗ್ಗಿಸುವ ಬಗ್ಗೆ ದೇಶಗಳು ಒಪ್ಪಿಕೊಂಡ 2015ರ ಸೆಂಡಾಯ್ ಚೌಕಟ್ಟು ಸರ್ಕಾರಗಳಿಗೆ ಸಂಬಂಧಿಸಿದ್ದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅಡಿಯಲ್ಲಿ ಜಿಲ್ಲಾ ಪ್ರಾಧಿಕಾರ ಮಾಡುವ ಯೋಜನೆಯಲ್ಲಿ ನಮ್ಮ ಗೋದಾಮು, ನಮ್ಮ ಹಳ್ಳದ ಕಾಲುಸಂಕ ಎಲ್ಲಿ ಬರುತ್ತವೆ ಎಂದು ಕೇಳಿ ತಿಳಿಯುವುದಷ್ಟೇ ನಮ್ಮ ಪಾಲಿನ ಕೆಲಸ.

ಕೊನೆಗೆ ನಾನು ಮಂಡಳಿಯ ಮುಂದಿಟ್ಟದ್ದು ಒಂದೇ ಚೌಕಟ್ಟನ್ನಲ್ಲ. ಈ ದಸ್ತಾವೇಜುಗಳ ನಡುವೆ ವಿಧಾನದ ವ್ಯತ್ಯಾಸ ಮೇಲ್ನೋಟಕ್ಕೆ ಕಾಣುವಷ್ಟಿಲ್ಲ. ಯಾರಿಗೆ ಉತ್ತರ ಹೇಳಲು ಬರೆದಿದ್ದಾರೆ ಎಂಬುದರಲ್ಲೇ ದೊಡ್ಡ ವ್ಯತ್ಯಾಸ ಇರುವುದು. ನಾವು ಉತ್ತರ ಹೇಳಬೇಕಾದದ್ದು ಸದಸ್ಯರಿಗೆ. ಆದ್ದರಿಂದ ಅಪಾಯಗಳನ್ನು ಹುಡುಕುವುದಕ್ಕೆ 14091ರ ಸರಪಳಿ, ಹುಡುಕಿದ್ದನ್ನು ವರ್ಷವಿಡೀ ಬೆನ್ನುಹತ್ತುವುದಕ್ಕೆ 31000ದ ಕ್ರಮದ ಒಂದು ರಿಜಿಸ್ಟರು, ವಾರ್ಷಿಕ ವರದಿಯ ಒಂದು ಪುಟಕ್ಕೆ ಟಿಸಿಎಫ್‌ಡಿಯ ನಾಲ್ಕು ಶೀರ್ಷಿಕೆಗಳು ಎಂದು ಗೊತ್ತುಮಾಡಿದೆವು. ಬಣ್ಣದ ಕೋಷ್ಟಕವನ್ನು ಕೈಬಿಟ್ಟೆವು. ಅದರ ಜಾಗದಲ್ಲಿ, ಈ ಅಪಾಯದ ಜೊತೆಗೇ ಬರುವ ಬೇರೆ ಅಪಾಯ ಯಾವುದು ಎಂಬ ಕಲಮನ್ನು ಸೇರಿಸಿದೆವು.

ರಿಜಿಸ್ಟರು ಎಂದರೆ ಕೆಂಪು ಬಟ್ಟೆಯ ಬೆನ್ನಿನ ಹಳೆಯ ಮಾದರಿಯ ದಪ್ಪ ಪುಸ್ತಕ. ಅದರ ಮೊದಲ ಪುಟದಲ್ಲಿ ಮೂರು ನಮೂದುಗಳಿವೆ. ಎರಡನೇ ಔಷಧಿಗೆ ಬೇಕಾದ ಮೈಲುತುತ್ತವನ್ನು ಮೃಗಶಿರ ಮಳೆ ಹುಟ್ಟುವ ಮೊದಲೇ ದಾಸ್ತಾನು ಮಾಡುವುದು. ಹೊಣೆ, ಗೋದಾಮಿನ ಗುಮಾಸ್ತರದು. ಸಂಘದ ಹಣದಲ್ಲಿ ಎರಡು ದೋಟಿ ಕೊಂಡು, ಆಳಿಲ್ಲದ ಮನೆಗಳಿಗೆ ಮೊದಲ ಸರದಿಯಂತೆ ಬಾಡಿಗೆಗೆ ಕೊಡುವುದು, ಹೊಣೆ, ನನ್ನದು. ಗುಡ್ಡದ ಪಶ್ಚಿಮದ ಕಣಿವೆಯಲ್ಲಿ ಒಂದು ಸಾಧಾರಣ ಕೈಮಾಪಕ ನೆಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ಮಳೆ ಬರೆದಿಡುವುದು. ಈ ಬರಹಕ್ಕೆ ವಿಮೆಯ ಲೆಕ್ಕದಲ್ಲಿ ಯಾವ ಬೆಲೆಯೂ ಇಲ್ಲವೆಂದು ಅಕ್ಕನ ಮಗ ಎಚ್ಚರಿಸಿದ್ದಾನೆ, ಅದು ನಮಗೂ ಗೊತ್ತು. ಪಂಚಾಯಿತಿಯ ಮಾಪಕಕ್ಕೂ ಕಣಿವೆಗೂ ಎಷ್ಟು ಅಂತರ ಎಂದು ನಾಲ್ಕೈದು ವರ್ಷದ ಲೆಕ್ಕ ಕೈಯಲ್ಲಿದ್ದರೆ, ಇನ್ನೊಂದು ಮಾಪಕ ಕೇಳಿ ಅರ್ಜಿ ಬರೆಯುವಾಗ ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ. ಅದರ ಹೊಣೆಯ ಕಲಮಿನಲ್ಲಿ ಆ ಹಿರಿಯರು ತಾವೇ ಮುಂದೆ ಬಂದು ಸಹಿ ಹಾಕಿದ್ದಾರೆ.